ಎರಡು ಟಿಕ್ಕುಗಳ ನಡುವೆ

ಕೇಳುಗರಿಗೆ ನಮಸ್ಕಾರ. ಕಾರ್ಡುಗಳು, ಅಂದರೆ ಹಲವು ತಂತಿಗಳನ್ನು ಒಟ್ಟಿಗೆ ಮೀಟುವ ಸ್ವರಗುಚ್ಛಗಳು, ಎಲ್ಲ ಕೈಗೆ ಬಂದಿದ್ದರೂ ಇತರರೊಡನೆ ಕುಳಿತು ನುಡಿಸುವಾಗ ಲಯ ತಪ್ಪುತ್ತದೆ ಎಂದು ಕೊರಗುತ್ತಿರುವ ಗಿಟಾರ್ ಕಲಿಕೆಯವರು ಈ ಹೊತ್ತಿನಲ್ಲಿ ನನ್ನ ಮಾತು ಕೇಳುತ್ತಿದ್ದಾರೆ ಎಂದು ಭಾವಿಸಿಕೊಂಡಿದ್ದೇನೆ. ಅವರಿಗೆ ನಾನು ಹೇಳಬೇಕಾದ ಮಾತು ಒಂದೇ: ಮೆಟ್ರೊನೋಮ್, ಅಂದರೆ ಒಂದೇ ವೇಗದಲ್ಲಿ ಟಿಕ್ ಟಿಕ್ ಎಂದು ಲಯ ತೋರಿಸುವ ಯಂತ್ರ, ಇಟ್ಟುಕೊಂಡು ಅಭ್ಯಾಸ ಮಾಡುವಾಗ ಬಾಯಿಬಿಟ್ಟು ಎಣಿಸಿ.

ಮೆಟ್ರೊನೋಮನ್ನು 60ಕ್ಕೆ ಇಟ್ಟರೆ ಅದು ನಿಮಿಷಕ್ಕೆ 60 ಬಾರಿ, ಅಂದರೆ ಸೆಕೆಂಡಿಗೆ ಒಮ್ಮೆ ಟಿಕ್ ಎನ್ನುತ್ತದೆ. ಆ ಟಿಕ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಸೆಕೆಂಡಿನ ಉಳಿದ ಭಾಗವೆಲ್ಲ ಮೌನ. ನಿಮ್ಮ ಕೈ ತಪ್ಪು ಮಾಡುವುದು ಆ ಮೌನದಲ್ಲಿ, ಮತ್ತು ಅಲ್ಲಿ ಯಂತ್ರ ನಿಮಗೆ ಏನನ್ನೂ ಹೇಳುವುದಿಲ್ಲ. ಲೋಲಕದ ಮೆಟ್ರೊನೋಮಿಗೆ ಯೋಹಾನ್ ಮೆಲ್ಜೆಲ್ ಪೇಟೆಂಟ್ ಪಡೆದದ್ದು 1815ರಲ್ಲಿ. ಎರಡು ವರ್ಷಗಳ ನಂತರ, 1817ರಲ್ಲಿ, ಸಂಗೀತ ರಚನಕಾರ ಬೀಥೋವನ್ ತನ್ನ ಸಿಂಫೊನಿಗಳಿಗೆ, ಅಂದರೆ ವಾದ್ಯವೃಂದಕ್ಕೆ ಬರೆದ ದೊಡ್ಡ ಕೃತಿಗಳಿಗೆ, ಮೆಟ್ರೊನೋಮಿನ ಅಂಕಿಗಳನ್ನು ಪ್ರಕಟಿಸಿದ. ತನ್ನ ಮನಸ್ಸಿನಲ್ಲಿದ್ದ ವೇಗ ಎಷ್ಟು ಎಂಬುದನ್ನು ದೂರದ ವಾದಕರಿಗೆ ತಿಳಿಸಲು ಆತನಿಗೆ ಆ ಅಂಕಿ ಬೇಕಿತ್ತು. ಅಂಕಿ ವೇಗವನ್ನು ತಿಳಿಸುತ್ತದೆ, ಆದರೆ ಆ ವೇಗವನ್ನು ಕಾಯಬೇಕಾದವರು ನುಡಿಸುವವರೇ, ಮತ್ತು ಕಾಯುವುದಕ್ಕೆ ಇರುವ ದಾರಿ ಎಣಿಕೆ.

ಎಣಿಕೆಗೆ ಕನ್ನಡದ ಪದಗಳು ಬಹಳ ಒದಗಿಬರುತ್ತವೆ. ಒಂ-ದು, ಎರ-ಡು, ಮೂ-ರು, ನಾಲ್-ಕು: ಒಂದೊಂದು ಪದವೂ ತಾನಾಗಿಯೇ ಎರಡು ತುಂಡಾಗುತ್ತದೆ. ಮೊದಲ ತುಂಡು ಟಿಕ್ಕಿನ ಮೇಲೆ ಬೀಳಲಿ, ಅಲ್ಲಿ ಬಲಗೈ ತಂತಿಗಳ ಮೇಲೆ ಕೆಳಕ್ಕೆ ಬರಲಿ. ಎರಡನೆಯ ತುಂಡು ಎರಡು ಟಿಕ್ಕುಗಳ ನಟ್ಟನಡುವೆ ಬೀಳಲಿ, ಅಲ್ಲಿ ಕೈ ಮೇಲಕ್ಕೆ ಹೋಗಲಿ. ಹೀಗೆ ಮಾಡಿದಾಗ ಆ ಮೌನ ಬರಿದಾಗಿ ಉಳಿಯುವುದಿಲ್ಲ, ಅದರ ಮಧ್ಯದಲ್ಲಿ ನೀವೇ ನೆಟ್ಟ ಒಂದು ಗುರುತು ನಿಲ್ಲುತ್ತದೆ.

ಇದನ್ನು ನಾನು ಕಲಿತದ್ದು ಒಬ್ಬ ವಿದ್ಯಾರ್ಥಿನಿಯಿಂದ. ಎರಡು ವರ್ಷ ಪ್ರತಿದಿನ ಮೆಟ್ರೊನೋಮಿನೊಡನೆ ಅಭ್ಯಾಸ ಮಾಡಿದ್ದ ಆಕೆ, "ಸರ್, ಟಿಕ್ ಕೇಳುತ್ತಿದ್ದರೆ ಸರಿಯಾಗಿ ನುಡಿಸುತ್ತೇನೆ, ನಿಲ್ಲಿಸಿದರೆ ಓಡಿಬಿಡುತ್ತೇನೆ" ಎಂದು ಬಂದಳು. ಸಿ, ಜಿ, ಎ ಮೈನರ್, ಎಫ್, ಈ ನಾಲ್ಕು ಕಾರ್ಡುಗಳನ್ನು ಒಂದೊಂದಕ್ಕೂ ನಾಲ್ಕು ಎಣಿಕೆಯಂತೆ, 72ರ ವೇಗದಲ್ಲಿ ನುಡಿಸಲು ಹೇಳಿದೆ. ತಪ್ಪೇ ಕಾಣಲಿಲ್ಲ. ಎರಡನೆಯ ಸುತ್ತಿನಲ್ಲಿ ಎ ಮೈನರ್ ಬಂದ ಕೂಡಲೇ ಮೆಟ್ರೊನೋಮಿನ ಧ್ವನಿಯನ್ನು ಪೂರ್ತಿ ತಗ್ಗಿಸಿ, ಎಂಟು ಎಣಿಕೆ ಕಳೆದು ಆಕೆ ಮತ್ತೆ ಸಿ ಹಿಡಿಯುವ ಹೊತ್ತಿಗೆ ಏರಿಸಿದೆ. ಟಿಕ್ಕಿನ ಮೇಲೆ ಕೆಳಗಿಳಿಯಬೇಕಾಗಿದ್ದ ಆಕೆಯ ಕೈ ಆಗ ಮೇಲಕ್ಕೆ ಹೋಗುತ್ತಿತ್ತು. ಆಕೆ ಅರ್ಧ ಎಣಿಕೆ ಮುಂದೆ ಬಂದಿದ್ದಳು. ಆ ಅರ್ಧ ಎಣಿಕೆ ಕಳೆದುಹೋದದ್ದಾದರೂ ಎಲ್ಲಿ? ಬಾಯಿಬಿಟ್ಟು ಎಣಿಸಲು ಹೇಳಿದೆ. ನಾಚಿಕೆ ಎಂದಳು. ಎಲ್ಲರೂ ಹಾಗೆಯೇ ಹೇಳುತ್ತಾರೆ, ಆ ನಾಚಿಕೆಗೆ ಕಾರಣವೇನೆಂದು ನನಗೆ ಇಂದಿಗೂ ಅರ್ಥವಾಗಿಲ್ಲ. ಕೊನೆಗೂ ಎಣಿಸಿದಳು. ಎ ಮೈನರಿನ ಕೊನೆಯ ಎಣಿಕೆಯಲ್ಲಿ "ನಾಲ್" ಎಂದಳು, "ಕು" ಬರಲೇ ಇಲ್ಲ, ನೇರವಾಗಿ "ಒಂ" ಎಂದು ಎಫ್ ಮೇಲೆ ಹಾರಿದಳು. ತೋರುಬೆರಳನ್ನು ಆರೂ ತಂತಿಗಳಿಗೆ ಅಡ್ಡಲಾಗಿ ಒತ್ತಬೇಕಾದ ಆ ಕಾರ್ಡಿನ ಭಯದಿಂದ, ತಡವಾದೀತೆಂದು ಹಿಂದಿನ ಮೇಲ್ಹೊಡೆತವನ್ನೇ ನುಂಗಿಬಿಡುತ್ತಿದ್ದಳು. ಟಿಕ್ ಕೇಳುತ್ತಿರುವಾಗ ಎಫ್ ಮೇಲೆ ಬಂದು, ಮುಂದಿನ ಟಿಕ್ಕಿನ ತನಕ ಕಾದು, ಆ ತಪ್ಪನ್ನು ತನಗೂ ತಿಳಿಯದಂತೆ ಮುಚ್ಚಿಕೊಳ್ಳುತ್ತಿದ್ದಳು. ಎರಡು ವರ್ಷ ಆಕೆಯ ಕಿವಿ ಹಿಡಿಯದ ತಪ್ಪನ್ನು ಆಕೆಯ ಬಾಯಿ ಒಂದೇ ಸುತ್ತಿನಲ್ಲಿ ಹಿಡಿಯಿತು.

ವೇಗವನ್ನು 50ಕ್ಕೆ ಇಳಿಸಿದೆವು. ಎ ಮೈನರಿನಿಂದ ಎಫ್‌ಗೆ, ಎಫ್‌ನಿಂದ ಎ ಮೈನರಿಗೆ, ಬೇರೇನೂ ಇಲ್ಲ. "ಕು" ಎನ್ನುವಾಗ ಎಡಗೈ ತಂತಿಗಳನ್ನು ಬಿಟ್ಟು ಹೊಸ ಜಾಗಕ್ಕೆ ಹೊರಡಲಿ, ಬಲಗೈ ಮಾತ್ರ ನಿಲ್ಲದೆ ಬರಿಯ ತಂತಿಗಳನ್ನೇ ಮೀಟಲಿ ಎಂದೆ. ಆ ಕ್ಷಣದಲ್ಲಿ ಕೇಳಿಬರುವ ಬರಿಯ ತಂತಿಗಳ ನಾದ ಯಾರಿಗೂ ಒಡಕಾಗಿ ಕೇಳುವುದಿಲ್ಲ, ಕೈ ನಿಂತರೆ ಮಾತ್ರ ಎಲ್ಲರಿಗೂ ಕೇಳುತ್ತದೆ. ಎರಡು ವಾರಗಳಲ್ಲಿ ಆಕೆ 72ಕ್ಕೆ ಮರಳಿದಳು. ಅಂದು ನಾನು ಮತ್ತೆ ಧ್ವನಿ ತಗ್ಗಿಸಿ ಏರಿಸಿದಾಗ ಟಿಕ್ ಎಲ್ಲಿದೆ ಎಂದು ಹುಡುಕುವಂತಾಯಿತು, ಏಕೆಂದರೆ ಅದು ಆಕೆಯ ಹೊಡೆತದೊಳಗೇ ಅಡಗಿಹೋಗಿತ್ತು. ಆ ಸಂತೋಷವನ್ನು ನಾನು ಮರೆಯಲಾರೆ.

ನನಗೆ ಕೊಟ್ಟ ಸಮಯ ಮುಗಿಯುತ್ತ ಬಂದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ತಪ್ಪಿಲ್ಲದೆ ನುಡಿಸಬಲ್ಲ ವೇಗದಿಂದ ಆರಂಭಿಸಿ, ನಾಲ್ಕು ಅಂಕಿಗಿಂತ ಹೆಚ್ಚು ಒಮ್ಮೆಲೇ ಏರಿಸಬೇಡಿ. 80ರ ವೇಗ ಕೈಗೆ ಬಂದ ಮೇಲೆ ಮೆಟ್ರೊನೋಮನ್ನು 40ಕ್ಕೆ ಇಟ್ಟು, ಅದರ ಟಿಕ್ಕುಗಳನ್ನು ಎರಡು ಮತ್ತು ನಾಲ್ಕನೆಯ ಎಣಿಕೆಗಳೆಂದು ತಿಳಿದು ನುಡಿಸಿ. ಒಂದು ಮತ್ತು ಮೂರನ್ನು ಆಗ ನೀವೇ ಹೊರಬೇಕಾಗುತ್ತದೆ. ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಮರುದಿನ ಕೇಳಿ. ಎಲ್ಲದರಲ್ಲೂ ಬಾಯಿಬಿಟ್ಟು ಎಣಿಸಿ.

ಈಗ ನಾನು ಮೇಜಿನ ಮೇಲೆ ನಾಲ್ಕು ಬಾರಿ ಬಡಿದು ನಿಲ್ಲಿಸುತ್ತೇನೆ. ನೀವು ಅದೇ ವೇಗದಲ್ಲಿ ಒಂ-ದು, ಎರ-ಡು ಎಂದು ದನಿ ತೆಗೆದು ಎಣಿಸುತ್ತಾ ಹೋಗಿ. ಎಂಟು ಎಣಿಕೆಗಳು ಕಳೆದ ಮೇಲೆ ನಾನು ಮತ್ತೊಮ್ಮೆ ಬಡಿಯುತ್ತೇನೆ. ಅದು ನಿಮ್ಮ "ಒಂ" ಮೇಲೆ ಬೀಳುತ್ತದೆಯೇ ನೋಡಿಕೊಳ್ಳಿ. ಸಿದ್ಧರಾಗಿ.