ಮುಂಗುಸಿಗೆ ಗೊತ್ತಾಯ್ತಾ?

ಎಲ್ಲರಿಗೂ ನಮಸ್ಕಾರ.

ಮಕ್ಕಳಿಗೆ ಕಥೆ ಹೇಳುವುದರ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಕಥೆಯಿಂದಲೇ ಶುರು ಮಾಡುತ್ತೇನೆ.

ತಾಯಿ ನೀರು ತರಲು ಹೋಗಿದ್ದಾಳೆ. ತೊಟ್ಟಿಲಲ್ಲಿ ಕೂಸು. ಕಾವಲಿಗೆ ಸಾಕಿದ ಮುಂಗುಸಿ. ಅಷ್ಟರಲ್ಲಿ ಹಾವು ಬಂತು. ಮುಂಗುಸಿ ಅದನ್ನು ಕಚ್ಚಿ ತುಂಡು ತುಂಡು ಮಾಡಿತು. ಬಾಯಿಗೆಲ್ಲ ರಕ್ತ ಮೆತ್ತಿಕೊಂಡೇ ಖುಷಿಯಿಂದ ಬಾಗಿಲಿಗೆ ಓಡಿತು. ತಾಯಿ ರಕ್ತ ನೋಡಿದಳು. ಕೂಸನ್ನೇ ತಿಂದುಬಿಟ್ಟಿತು ಅಂದುಕೊಂಡಳು. ತುಂಬಿದ ಕೊಡವನ್ನು ಅದರ ಮೇಲೆ ಎತ್ತಿ ಹಾಕಿದಳು. ಒಳಗೆ ಬಂದು ನೋಡಿದರೆ, ಕೂಸು ಕೈಕಾಲು ಆಡಿಸುತ್ತಾ ನಗುತ್ತಿದೆ.

ಕಥೆ ಇಲ್ಲಿಗೆ ಮುಗಿಯಿತು. ಆದರೆ ನಾವು ಬಿಡುವುದಿಲ್ಲ. ‘ಇದರ ನೀತಿ ಏನು? ದುಡುಕಬಾರದು’ ಅಂತ ಸೇರಿಸುತ್ತೇವೆ. ನಾನೂ ಒಂದು ಸಲ ಸೇರಿಸಿದೆ. ಎದುರಿಗೆ ಕೂತಿದ್ದ ಐದು ವರ್ಷದ ಹುಡುಗಿಗೆ ಅದು ಕೇಳಿಸಲೇ ಇಲ್ಲ. ‘ಅಮ್ಮ ತಪ್ಪು ತಿಳ್ಕೊಂಡ್ರು ಅಂತ ಮುಂಗುಸಿಗೆ ಗೊತ್ತಾಯ್ತಾ?’ ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ಅವಳು ಇನ್ನೂ ಆ ಬಾಗಿಲ ಹತ್ತಿರವೇ ನಿಂತಿದ್ದಳು. ನಾನು ಅವಳನ್ನು ಅಲ್ಲಿಂದ ಎಳೆದುಕೊಂಡು ಹೊರಟಿದ್ದೆ.

ಇದು ಪಂಚತಂತ್ರದ ಕಥೆ. ಪಂಚತಂತ್ರ ಹುಟ್ಟಿದ್ದೇ ನೀತಿ ಕಲಿಸೋಕೆ ಅಲ್ವಾ ಅಂತ ನೀವು ಕೇಳಬಹುದು. ನಿಜ. ಮೂವರು ದಡ್ಡ ರಾಜಕುಮಾರರನ್ನು ಆರು ತಿಂಗಳಲ್ಲಿ ಜಾಣರನ್ನಾಗಿ ಮಾಡುತ್ತೇನೆ ಅಂತ ವಿಷ್ಣುಶರ್ಮ ಮಾತು ಕೊಡುತ್ತಾನೆ. ಆದರೆ ಬರೀ ನೀತಿ ಹೇಳಿದರೆ ಸಾಕು ಅನ್ನುವಂತಿದ್ದರೆ ಅವನಿಗೆ ಕಥೆಯೇ ಬೇಕಿರಲಿಲ್ಲ.

ಆ ಕಥೆಗಳು 6ನೇ ಶತಮಾನದಲ್ಲಿ ಪರ್ಷಿಯಾದ ಪಹ್ಲವಿ ಭಾಷೆಗೆ ಹೋದವು, 8ನೇ ಶತಮಾನದಲ್ಲಿ ಅರಬ್ಬಿಗೆ. ಕನ್ನಡದಲ್ಲಿ ದುರ್ಗಸಿಂಹ 11ನೇ ಶತಮಾನದಲ್ಲೇ ಪಂಚತಂತ್ರ ಬರೆದ. ಮುಂಗುಸಿಯ ಕಥೆಯಂತೂ ಬ್ರಿಟನ್ನಿನ ವೇಲ್ಸ್‌ನಲ್ಲೂ ಇದೆ. ಅಲ್ಲಿ ಮುಂಗುಸಿಯ ಜಾಗದಲ್ಲಿ ಗೆಲರ್ಟ್ ಎಂಬ ಬೇಟೆನಾಯಿ, ಹಾವಿನ ಜಾಗದಲ್ಲಿ ತೋಳ. ಬೆಡ್‌ಗೆಲರ್ಟ್ ಎಂಬ ಊರಲ್ಲಿ ಆ ನಾಯಿಯದು ಅಂತ ಒಂದು ಸಮಾಧಿಯನ್ನೇ ಮಾಡಿದ್ದಾರೆ. ಜನ ಅದನ್ನು ನೋಡಲು ಹೋಗುವುದು ದುಡುಕಬಾರದು ಅಂತ ಕಲಿಯೋಕಲ್ಲ. ಆ ನಾಯಿಯ ಮೇಲಿನ ಕನಿಕರಕ್ಕೆ ಹೋಗುತ್ತಾರೆ.

ಹೆದರಿಕೆ ಹುಟ್ಟಿಸುವ ಕಥೆ ಹೇಳಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಜರ್ಮನಿಯ ಜನಪದ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸಹೋದರರಿಗೂ ಈ ಯೋಚನೆ ಇತ್ತು ಅನ್ನಿಸುತ್ತದೆ. 1812ರಲ್ಲಿ ಅವರು ಆ ಕಥೆಗಳನ್ನು ಮೊದಲು ಅಚ್ಚು ಹಾಕಿಸಿದಾಗ, ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಎಂಬ ಅಣ್ಣ ತಂಗಿಯನ್ನು ಕಾಡಿಗೆ ಬಿಟ್ಟು ಬರೋಣ ಅನ್ನುವವಳು ಹೆತ್ತ ತಾಯಿ. ಮುಂದಿನ ಮುದ್ರಣಗಳಲ್ಲಿ ಅವಳು ಮಲತಾಯಿಯಾದಳು. ಕಾಡು ಮಾತ್ರ ಹಾಗೇ ಉಳಿಯಿತು. ಅದು ಉಳಿದದ್ದೇ ಒಳ್ಳೆಯದಾಯಿತು ಅಂತ ನನ್ನ ಅಭಿಪ್ರಾಯ. ಹೇಳುವವರು ಪಕ್ಕದಲ್ಲೇ ಕೂತಿರುತ್ತಾರಲ್ಲ, ಮಗು ಧೈರ್ಯವಾಗಿ ಹೆದರಿಕೊಳ್ಳುತ್ತದೆ.

ತೀರಾ ಚಿಕ್ಕವರಿಗೆ ಕಾಗಕ್ಕ ಗುಬ್ಬಕ್ಕನ ಕಥೆಯೇ ಸರಿ. ಜೋರು ಮಳೆ. ಕಾಗಕ್ಕನ ಸಗಣಿ ಮನೆ ಕೊಚ್ಚಿ ಹೋಯಿತು. ಗುಬ್ಬಕ್ಕನ ಕಲ್ಲಿನ ಮನೆ ಉಳಿಯಿತು. ‘ಗುಬ್ಬಕ್ಕ ಗುಬ್ಬಕ್ಕ, ಬಾಗಿಲು ತೆಗಿ.’ ‘ತಾಳು, ಮಗೂಗೆ ಸ್ನಾನ ಮಾಡಿಸ್ತಿದೀನಿ.’ ಮತ್ತೆ ಟಕ್ ಟಕ್. ‘ತಾಳು, ಮಗೂಗೆ ಬಟ್ಟೆ ಹಾಕ್ತಿದೀನಿ.’

ಇಲ್ಲಿ ಅವಸರ ಮಾಡಬೇಡಿ. ಬೆರಳಿನಿಂದ ನೆಲ ಬಡಿದು ಸುಮ್ನೆ ಇರಿ. ಮೂರನೇ ಸಲಕ್ಕೆ ಮಗುವೇ ‘ತಾಳು’ ಅನ್ನುತ್ತದೆ. ಅಲ್ಲಿಂದ ಮುಂದೆ ಕಥೆ ಅದರದೂ ಹೌದು. ನಾಳೆ ನೀವು ಒಂದು ಸಾಲು ಬಿಟ್ಟು ಹೇಳಿದರೆ ತಕ್ಷಣ ತಿದ್ದುತ್ತದೆ. ಅಂಥ ಹೊತ್ತಲ್ಲಿ ‘ಗಟ್ಟಿ ಮನೆ ಕಟ್ಟಬೇಕು’ ಅಂತ ಬುದ್ಧಿ ಹೇಳೋಕೆ ಹೋಗಬೇಡಿ, ದಯವಿಟ್ಟು. ಅದರ ಮನಸ್ಸೆಲ್ಲ ಹೊರಗೆ ನೆನೆಯುತ್ತಿರುವ ಕಾಗಕ್ಕನ ಮೇಲೆ ಇರುತ್ತದೆ.

ಈ ಕಥೆಗೆ ಒಬ್ಬೊಬ್ಬರು ಒಂದೊಂದು ಕೊನೆ ಹೇಳುತ್ತಾರೆ. ನೀವು ಚಿಕ್ಕವರಿದ್ದಾಗ ಕೇಳಿದ್ದರಲ್ಲಿ ಗುಬ್ಬಕ್ಕ ಬಾಗಿಲು ತೆಗೆದಳಾ? ಒಳಗೆ ಬಂದ ಕಾಗಕ್ಕ ಏನು ಮಾಡಿದಳು? ಹಿಂದಿನ ಸಾಲಿನವರಿಂದ ಶುರು ಮಾಡೋಣ, ಹೇಳಿ.