ನೂರರ ಬಸ್ಸಿಗೆ ಹಳೆಯ ಬಣ್ಣ

ಕೇಳುಗ ಬಂಧುಗಳಿಗೆ ನಮಸ್ಕಾರ.

ಒಂದು ಭಾನುವಾರ ಬೆಳಿಗ್ಗೆ ನಮ್ಮ ಕಟ್ಟಡದ ಮೂರನೆಯ ಮಾಳಿಗೆಯ ಹುಡುಗ ಬಾಗಿಲು ತಟ್ಟಿದ. ಕಾಲೇಜು ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದವನು. ಹುಟ್ಟಿದ್ದು, ಬೆಳೆದದ್ದು ಎಲ್ಲ ಮುಂಬಯಿಯ ಈ ಮಾಟುಂಗದಲ್ಲೇ. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ತಗಡಿನ ಚೂರು. "ಮಾಮಾ, ಒಂದು ಬಟ್ಟಲು ನೀರು ಕೊಡಿ, ನಿಮಗೊಂದು ತೋರಿಸ್ತೇನೆ" ಅಂದ.

ಕುರ್ಲಾದ ಗುಜರಿ ಅಂಗಡಿಯಿಂದ ತಂದದ್ದಂತೆ. ಒಡೆದು ಹಾಕಿದ ಬೆಸ್ಟ್ ಬಸ್ಸಿನ, ಅಂದರೆ ನಮ್ಮ ಮುಂಬಯಿಯ ಸಿಟಿ ಬಸ್ಸಿನ, ಪಕ್ಕದ ತಗಡು. ನೆಲದ ಮೇಲೆ ಕೂತು, ಎಮರಿ ಪೇಪರನ್ನು ನೀರಿನಲ್ಲಿ ಅದ್ದಿ, ಒಂದೇ ಜಾಗದಲ್ಲಿ ಸುತ್ತ ಸುತ್ತ ಉಜ್ಜತೊಡಗಿದ. ಹತ್ತು ನಿಮಿಷ ಮಾತಿಲ್ಲ. ನೀರು ಕೆಂಪಾಯಿತು. ಆಮೇಲೆ ಬಟ್ಟೆಯಿಂದ ಒರೆಸಿ ನನ್ನ ಮುಂದೆ ಹಿಡಿದ. ಮರದ ಕೊರಡು ಕೊಯ್ದಾಗ ಕಾಣುವ ಸುತ್ತುಗಳ ಹಾಗೆ ಬಣ್ಣದ ಸುತ್ತುಗಳು. ಹೊರಗೆ ಬಿಸಿಲಿಗೆ ಮಂಕಾದ ಕೆಂಪು. ಅದರೊಳಗೆ ಒಂದು ಕಡುಗೆಂಪು, ದಾಳಿಂಬೆ ಹಣ್ಣಿನ ಸಿಪ್ಪೆಯಂಥದ್ದು. ಅದರೊಳಗೆ ಬೂದು ಬಣ್ಣದ ಪ್ರೈಮರ್. ನಟ್ಟ ನಡುವೆ ಹೊಳೆಯುವ ತಗಡು. ಆ ಕಡುಗೆಂಪಿನ ಮೇಲೆ ಬೆರಳಿಟ್ಟು ಅವನು ಕೇಳಿದ: "ಮಾಮಾ, ನೀವು ಬಂದಾಗ ಬಸ್ಸು ಈ ಕೆಂಪು ಇತ್ತಾ, ಹೊರಗಿನ ಕೆಂಪು ಇತ್ತಾ?"

ಐವತ್ತು ವರ್ಷದ ಮೇಲಾಯಿತು ನಾನು ಈ ಊರಿಗೆ ಬಂದು. ಸಾವಿರಾರು ಸಲ ಆ ಬಸ್ಸು ಹತ್ತಿದ್ದೇನೆ. ಆದರೂ ಉತ್ತರ ಹೇಳಲು ಬರಲಿಲ್ಲ.

ಅವನಿಗೆ ಯಾಕೆ ಬೇಕು ಈ ಉತ್ತರ? 1926ನೇ ಇಸವಿ ಜುಲೈ 15, ಗುರುವಾರ. ಅಂದು ಕೊಲಾಬಾದ ಅಫ್ಘಾನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟ್ಟಿಗೆ ಮುಂಬಯಿಯ ಮೊದಲ ಬಸ್ಸು ಓಡಿತು. 2026ರ ಜುಲೈ 15ಕ್ಕೆ ಅದಕ್ಕೆ ನೂರು ತುಂಬುತ್ತದೆ. ಈ ಹುಡುಗನಿಗೂ ಅವನ ಏಳೆಂಟು ಮಂದಿ ಗೆಳೆಯರಿಗೂ ಬಸ್ಸೆಂದರೆ ಪ್ರಾಣ. ರಜೆ ಬಂದರೆ ಡೆಪೋಗಳ ಗೇಟಿನ ಹೊರಗೆ ಕ್ಯಾಮೆರಾ ಹಿಡಿದು ನಿಲ್ಲುತ್ತಾರೆ, ರಟ್ಟಿನಲ್ಲಿ ಬಸ್ಸು ಮಾಡುತ್ತಾರೆ, ಇಂಜಿನ್ ಸದ್ದು ಕೇಳಿಯೇ ಯಾವ ಕಂಪನಿಯದೆಂದು ಹೇಳುತ್ತಾರೆ. ಇವರ ಆಸೆ ಒಂದೇ. ನೂರರ ವರ್ಷದಲ್ಲಿ ಈಗ ಓಡುವ ಬಸ್ಸುಗಳಲ್ಲಿ ಒಂದೆರಡಕ್ಕಾದರೂ ಹಳೆಯ ಕಾಲದ ಬಣ್ಣ ಹಚ್ಚಬೇಕು, ಹಳೆಯ ಅಕ್ಷರ ಬರೆಯಬೇಕು.

ಇದು ಬೇರೆ ಕಡೆ ನಡೆದ ಕೆಲಸವೇ. ಲಂಡನ್ನಿನಲ್ಲಿ 1829ರಲ್ಲಿ ಜಾರ್ಜ್ ಶಿಲ್ಲಿಬೀರ್ ಎಂಬಾತ ಕುದುರೆ ಕಟ್ಟಿದ ಮೊದಲ ಆಮ್ನಿಬಸ್ ಓಡಿಸಿದ್ದ. ಅದಕ್ಕೆ ನೂರೈವತ್ತು ತುಂಬಿದ 1979ರಲ್ಲಿ ಅಲ್ಲಿನ ಕೆಲವು ಡಬಲ್ ಡೆಕ್ಕರುಗಳು ತಮ್ಮ ಕೆಂಪು ಬಿಟ್ಟು ಹಸಿರು ಹಳದಿಯ ಶಿಲ್ಲಿಬೀರ್ ಬಣ್ಣ ತೊಟ್ಟವು. ಮೆರವಣಿಗೆಗೆ ಮಾತ್ರ ಹೊರಟ ಬಸ್ಸುಗಳಲ್ಲ ಅವು, ದಿನದ ರೂಟಿನಲ್ಲಿ ಜನರನ್ನು ಹತ್ತಿಸಿಕೊಂಡು ಓಡಿದವು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಇದಕ್ಕೆ ಮತ್ತೆ ಬರುತ್ತೇನೆ.

ನಮ್ಮ ಊರಿನ ಕಥೆ ಬಸ್ಸಿಗಿಂತ ಹಳೆಯದು. 1874ರ ಮೇ 9ರಂದು ಇಲ್ಲಿ ಕುದುರೆ ಎಳೆಯುವ ಟ್ರಾಮ್ ಶುರುವಾಯಿತು. ಬೆಸ್ಟ್ ಕಂಪನಿ ಹುಟ್ಟಿದ್ದು 1905ರಲ್ಲಿ, ಕರೆಂಟಿನ ಟ್ರಾಮ್ ಓಡಿದ್ದು 1907ರಲ್ಲಿ. ಬಸ್ಸು ಬಂದಾಗ ಅದು ಬಡವರ ಗಾಡಿಯಾಗಿರಲಿಲ್ಲ. ಸಸೂನ್ ಡಾಕಿನಿಂದ ದಾದರಿಗೆ ಟ್ರಾಮಿನಲ್ಲಿ ಒಂದೂವರೆ ಆಣೆ, ಬಸ್ಸಿನಲ್ಲಿ ನಾಲ್ಕಾಣೆ. ನಾಲ್ಕಾಣೆ ಕೊಡುವವರು ಯಾರು? ಹಲವು ವರ್ಷ ಅದು ಕೈಯಲ್ಲಿ ನಾಲ್ಕು ಕಾಸಿದ್ದವರ ಸವಾರಿಯಾಗಿಯೇ ಉಳಿಯಿತು. 1937ರಲ್ಲಿ ಡಬಲ್ ಡೆಕ್ಕರ್ ಬಂತು. 1947ರ ಆಗಸ್ಟ್ 7ರಂದು, ಸ್ವಾತಂತ್ರ್ಯಕ್ಕೆ ಎಂಟು ದಿನ ಮೊದಲು, ಕಂಪನಿ ಮುನಿಸಿಪಾಲಿಟಿಯ ಕೈಗೆ ಬಂತು. 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಕೊನೆಯ ಟ್ರಾಮ್ ಹೋಯಿತು. ನನ್ನ ಸೋದರಮಾವ ಆಗ ದಾದರಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು. ಅಂಗಡಿ ಬಾಗಿಲು ಅರ್ಧ ಎಳೆದು ರಸ್ತೆಗೆ ಬಂದು ನಿಂತು ಅದನ್ನು ನೋಡಿದ್ದಾಗಿ ಹೇಳುತ್ತಿದ್ದರು. ಇವತ್ತಿಗೂ ಅಲ್ಲಿನ ಸರ್ಕಲ್ಲಿಗೆ ದಾದರ್ ಟಿಟಿ ಎಂದೇ ಹೆಸರು. ಟಿಟಿ ಅಂದರೆ ಟ್ರಾಮ್ ಟರ್ಮಿನಸ್. ಟ್ರಾಮ್ ಹೋಗಿ ಅರವತ್ತು ವರ್ಷ ದಾಟಿತು, ಸ್ಟಾಪಿನ ಹೆಸರು ಮಾತ್ರ ಜನರ ಬಾಯಲ್ಲಿ ಹಾಗೇ ಉಳಿದಿದೆ.

ನಾನು ಬಂದದ್ದು 1973ರಲ್ಲಿ, ಹದಿಮೂರು ವರ್ಷದ ಮಾಣಿಯಾಗಿ. ಹಗಲು ಮಾಟುಂಗದಲ್ಲಿ ಹೋಟೆಲಿನ ಕೆಲಸ, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆ. ನನ್ನ ಹಾಗೆ ಎಷ್ಟು ಮಂದಿ! ನಮ್ಮ ಮೊದಲ ಮರಾಠಿ ಪಾಠ ಬಸ್ಸಿನ ಹಣೆಯ ಮೇಲೆ ಬರೆದಿತ್ತು. ರೂಟ್ ನಂಬರು ಮುಂದೆ ಮರಾಠಿ ಅಂಕಿಯಲ್ಲಿ, ಇಂಗ್ಲಿಷ್ ಅಂಕಿ ಪಕ್ಕದಲ್ಲಿ. ದೂರದಿಂದ ಬಸ್ಸು ಬರುವಾಗ ಕಾಣುವುದು ಮುಂದಿನದೇ. ಎರಡು, ಮೂರು, ನಾಲ್ಕು ನಮ್ಮ ಕನ್ನಡದ ಅಂಕಿಗಳ ಒಡಹುಟ್ಟಿದವರಂತೆ ಕಾಣುತ್ತಿದ್ದವು. ಐದು, ಏಳು, ಒಂಬತ್ತು ಬಂದರೆ ಕೈಕಾಲು ಬಿಡುತ್ತಿತ್ತು. ಬಂದ ಮೊದಲ ವಾರವೇ ತಪ್ಪು ಬಸ್ಸು ಹತ್ತಿ ವರಳಿಯಲ್ಲಿ ಇಳಿದು, ಕತ್ತಲಲ್ಲಿ ಸಮುದ್ರದ ಸದ್ದು ಕೇಳುತ್ತ ಅತ್ತಿದ್ದು ನೆನಪಿದೆ. ಊರಿನ ಕಡಲೇ ಅದು, ಊರು ಮಾತ್ರ ಎಲ್ಲಿಯೂ ಇರಲಿಲ್ಲ.

ಶಾಲೆ ಬಿಟ್ಟ ಮೇಲೆ ಡಬಲ್ ಡೆಕ್ಕರಿನ ಮೇಲಿನ ಮಾಳಿಗೆ, ಎಲ್ಲಕ್ಕಿಂತ ಮುಂದಿನ ಸೀಟು. ಗಾಜಿಲ್ಲದ ಕಿಟಕಿಯಿಂದ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಮರದ ಕೊಂಬೆಗಳು ಬಸ್ಸಿನ ತಲೆಗೆ ಸವರುತ್ತಿದ್ದವು. ಬೆಳಗಿನ ಐದರಿಂದ ನಿಂತ ಕಾಲು ಅಲ್ಲಿ ಕೂತ ಕೂಡಲೇ ನಿದ್ದೆ. ಮೇಲಕ್ಕೊಬ್ಬ, ಕೆಳಕ್ಕೊಬ್ಬ ಕಂಡಕ್ಟರು ಆಗ. ಮೇಲಿನವರಿಗೆ ನನ್ನ ಮುಖ ಪರಿಚಯವಾಗಿತ್ತು. ಕಿಂಗ್ಸ್ ಸರ್ಕಲ್ ಹತ್ತಿರ ಬಂದಾಗ ಟಿಕೆಟ್ ಪಂಚನ್ನು ನನ್ನ ಕಿವಿಯ ಪಕ್ಕದ ಸರಳಿಗೆ ಟಕ್ ಟಕ್ ಎಂದು ಬಡಿಯುತ್ತಿದ್ದರು. "ಊಠ್ ಬಾಳಾ, ಏಳು ಮಗನೇ." ಅವರ ಹೆಸರು ನಾನು ಕೇಳಲೇ ಇಲ್ಲ. ಮೂರು ವರ್ಷ ಅವರು ನನ್ನನ್ನು ಎಬ್ಬಿಸಿದ್ದಾರೆ.

ಇಷ್ಟೆಲ್ಲ ನೆನಪಿರುವವನಿಗೆ ಬಸ್ಸಿನ ಕೆಂಪು ಯಾವ ಕೆಂಪೆಂದು ನೆನಪಿಲ್ಲ. ದಿನವೂ ಕಾಣುವುದನ್ನು ನಾವು ನೋಡಿರುವುದಿಲ್ಲ. ಹುಡುಗ ಹೇಳಿದ, ಎಲ್ಲರೂ ಇದೇ ಹೇಳ್ತಾರೆ ಮಾಮಾ, ಕೆಂಪು ಇತ್ತು ಅಂತಾರೆ, ಅಷ್ಟೇ. ಹಳೆಯ ಫೋಟೋಗಳೆಲ್ಲ ಕಪ್ಪು ಬಿಳುಪು, ಅವು ಬಣ್ಣ ಹೇಳುವುದಿಲ್ಲ. ಕೆಂಪೂ ಕಡು ಹಸಿರೂ ಅದರಲ್ಲಿ ಒಂದೇ ಬೂದು. ಹಾಗಾಗಿ ಈ ಹುಡುಗರು ಗುಜರಿಯ ತಗಡು ಉಜ್ಜುತ್ತಾರೆ. ಹಳೆಯ ಪೇಂಟರುಗಳನ್ನು ಹುಡುಕಿ ಮಾತಾಡಿಸುತ್ತಾರೆ. ಆಣಿಕ್ ಡೆಪೋದಲ್ಲಿ ಬೆಸ್ಟ್‌ನದೇ ಮ್ಯೂಸಿಯಂ ಇದೆ, ಅಲ್ಲಿನ ಮಾದರಿಗಳ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಾರೆ. ಅಂಕಿ ಬರೆದ ಕೈಬರಹದ ತಿರುವು ಹೇಗಿತ್ತು, ಕೆಲವೇ ಸ್ಟಾಪುಗಳಲ್ಲಿ ನಿಲ್ಲುವ ಲಿಮಿಟೆಡ್ ಬಸ್ಸಿನ ಕೆಂಪು ನಂಬರು ಎಷ್ಟು ದಪ್ಪ ಇತ್ತು ಎಂದು ಅಳೆಯುತ್ತಾರೆ. ಒಂದು ಗೆರೆ ತಪ್ಪಿದರೂ ಅವರಿಗೆ ನಿದ್ದೆ ಇಲ್ಲ. ತಮ್ಮ ತಾತಂದಿರ ಕಾಲದ ಬಸ್ಸಿಗೆ ಇಷ್ಟು ಶ್ರದ್ಧೆ ತೋರುವ ಹುಡುಗರನ್ನು ಕಂಡು ನನಗೆ ಮನಸ್ಸು ತುಂಬಿ ಬಂತು.

ದಾರಿ ಸುಲಭವಿಲ್ಲ. ಬೆಸ್ಟ್‌ನಲ್ಲಿ ಈಗ ಸ್ವಂತ ಬಸ್ಸಿಗಿಂತ ಬಾಡಿಗೆ ಬಸ್ಸೇ ಹೆಚ್ಚು. ಬಸ್ಸೂ ಡ್ರೈವರೂ ಗುತ್ತಿಗೆದಾರರ ಕಡೆಯವರು, ರೂಟೂ ಟಿಕೆಟ್ಟೂ ಬೆಸ್ಟ್‌ನದು. ಬಣ್ಣ ಹಚ್ಚಬೇಕಾದರೆ ಇಬ್ಬರೂ ಹೂಂ ಅನ್ನಬೇಕು. ಬಣ್ಣದ ಬದಲು ಸ್ಟಿಕರ್ ಹಾಳೆ ಅಂಟಿಸಬಹುದು, ವರ್ಷ ಕಳೆದ ಮೇಲೆ ಕಿತ್ತು ತೆಗೆಯಬಹುದು. ಹುಡುಗನಿಗೆ ಅದು ಒಪ್ಪಿಗೆಯೇ. ನನಗೆ ಕೈಯಿಂದ ಬರೆದ ಅಂಕಿಯೇ ಬೇಕೆನಿಸುತ್ತದೆ, ಆದರೆ ಕೆಲಸ ಆಗುವುದು ಮುಖ್ಯ.

ಇನ್ನು ಹಳೆಯ ಡಬಲ್ ಡೆಕ್ಕರಿಗೇ ಹಳೆಯ ಬಣ್ಣ ಹಚ್ಚೋಣವೆಂದರೆ ಅದೇ ಇಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಈ ಊರಿನಲ್ಲಿ ಸುಮಾರು 900 ಡಬಲ್ ಡೆಕ್ಕರುಗಳಿದ್ದವು. ಹದಿನೈದು ವರ್ಷ ತುಂಬಿದ ಬಸ್ಸನ್ನು ಓಡಿಸುವ ಹಾಗಿಲ್ಲ. ಒಂದೊಂದಾಗಿ ಹೋಗುತ್ತ ಹೋಗುತ್ತ, 2023ರ ಸೆಪ್ಟೆಂಬರ್ 15ರಂದು ಅಂಧೇರಿಯ 415 ನಂಬರಿನ ರೂಟಿನಲ್ಲಿ ಕೊನೆಯ ಡೀಸೆಲ್ ಡಬಲ್ ಡೆಕ್ಕರು ಓಡಿತು. ಮರೋಳ್ ಡೆಪೋದಲ್ಲಿ ಜನ ಸೇರಿ ಅದಕ್ಕೆ ಹೂವಿನ ಹಾರ ಹಾಕಿದರು, ಬಲೂನು ಕಟ್ಟಿದರು. ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗಿತ್ತು ಅಂತ ಅಂದು ಅಲ್ಲಿಗೆ ಹೋಗಿದ್ದ ಈ ಹುಡುಗ ಹೇಳಿದ. ಅದೇ ವರ್ಷ ಫೆಬ್ರವರಿಯಲ್ಲಿ ಬ್ಯಾಟರಿಯ ಎಸಿ ಡಬಲ್ ಡೆಕ್ಕರು ಬಂದಿತ್ತು. ತಣ್ಣಗಿದೆ, ಹೊಗೆಯಿಲ್ಲ, ಮುದುಕರಿಗೆ ಹಿತ. ಕಿಟಕಿ ಮಾತ್ರ ತೆರೆಯುವುದಿಲ್ಲ.

ಈಗ ನಾನು ಹೇಳಬೇಕೆಂದಿದ್ದ ಮಾತು. ಬಣ್ಣ ಹಚ್ಚಿದ ಬಸ್ಸನ್ನು ಮ್ಯೂಸಿಯಮ್ಮಿನಲ್ಲಿ ಹಗ್ಗ ಕಟ್ಟಿ ನಿಲ್ಲಿಸಬಾರದು, ಒಂದು ದಿನದ ಮೆರವಣಿಗೆ ಮಾಡಿ ಮರೆಯಲೂಬಾರದು. ಲಂಡನ್ನಿನವರು ಮಾಡಿದಂತೆ ದಿನದ ರೂಟಿಗೆ ಬಿಡಬೇಕು. ಟಿಕೆಟ್ಟು ಕೊಟ್ಟು ಜನ ಹತ್ತಬೇಕು. ಯಾಕೆಂದರೆ ಆ ಬಣ್ಣವನ್ನು ಗುರುತಿಸುವವರು ಪ್ರದರ್ಶನಕ್ಕೆ ಬರುವವರಲ್ಲ. ಅವರು ಮುಂಬಯಿಯ ಲಾಲ್‌ಬಾಗಿನ ಸ್ಟಾಪಿನಲ್ಲಿ ತರಕಾರಿ ಚೀಲ ಹಿಡಿದು ನಿಂತಿರುತ್ತಾರೆ. ಮಿಲ್ಲಿನ ಪಾಳಿಗೆ ಹೋಗಿ ಬಂದವರು, ನರ್ಸುಗಳು, ಹೋಟೆಲಿನ ಸಪ್ಲಾಯರುಗಳು. ಅಂಥವರೊಬ್ಬರು ತಲೆ ಎತ್ತಿ ನೋಡಿ, ಇದು ನಮ್ಮ ಕಾಲದ ಕೆಂಪಲ್ಲ, ಇನ್ನೂ ಗಾಢ ಇತ್ತು ಎಂದು ಕಂಡಕ್ಟರ ಹತ್ತಿರ ಹೇಳಲಿ. ಹುಡುಗರು ಹುಡುಕುತ್ತಿರುವುದು ಆ ಮಾತನ್ನೇ.

ನಮ್ಮವರಿಗೆ ಇನ್ನೊಂದು ಕಾರಣವೂ ಇದೆ. ಮಾಟುಂಗದ ಮೈಸೂರು ಅಸೋಸಿಯೇಷನ್ ಹುಟ್ಟಿದ್ದೂ 1926ರಲ್ಲೇ, ಬಸ್ಸು ಹುಟ್ಟಿದ ವರ್ಷವೇ. ಅಲ್ಲಿ ಕನ್ನಡ ನಾಟಕ ನೋಡಲು ನಾವು ಹೋದದ್ದು, ತಡರಾತ್ರಿ ಮರಳಿದ್ದು ಯಾವುದರಲ್ಲಿ? ಈ ಊರಿನಲ್ಲಿ ಕನ್ನಡಿಗರು ಒಬ್ಬರನ್ನೊಬ್ಬರು ಕಂಡದ್ದೆಲ್ಲ ಬಸ್ಸು ಹತ್ತಿ, ಬಸ್ಸು ಇಳಿದು.

ಹೊರಡುವ ಮೊದಲು ಹುಡುಗ ಕೇಳಿದ: "ಮಾಮಾ, ಕಲರ್ ಫೋಟೋ ಯಾವುದಾದ್ರೂ ಇದೆಯಾ? ಬಸ್ಸಿನದ್ದೇ ಆಗ್ಬೇಕಂತಿಲ್ಲ." ನನ್ನ ಮನೆಯವಳು ಕಪಾಟಿನ ತಳದಿಂದ ಆಲ್ಬಮ್ಮು ತೆಗೆದಳು. ಮದುವೆಯಾದ ಹೊಸತರಲ್ಲಿ ಚೌಪಾಟಿಯ ರಸ್ತೆ ಬದಿ ನಿಂತು ತೆಗೆಸಿದ ಒಂದು ಚಿತ್ರ. ಅವಳ ತಲೆಯಲ್ಲಿ ಅಬ್ಬಲಿಗೆ ಹೂವು, ನನ್ನದು ಅಗಲ ಕಾಲರಿನ ಶರ್ಟು. ಹುಡುಗ ನಮ್ಮನ್ನು ನೋಡಲೇ ಇಲ್ಲ. ಮೊಬೈಲಿನ ದೀಪ ಹಚ್ಚಿ ನನ್ನ ಭುಜದ ಹಿಂದೆ ಹಿಡಿದ. ಅಲ್ಲಿ, ಎರಡು ಬೆರಳಗಲ, ಸ್ಟಾಪಿನಿಂದ ಹೊರಟ ಒಂದು ಡಬಲ್ ಡೆಕ್ಕರಿನ ಹಿಂಭಾಗ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಚಿತ್ರ ನಮ್ಮ ಮನೆಯಲ್ಲಿದೆ, ನಾವಿಬ್ಬರೂ ಅದನ್ನು ಕಂಡಿರಲಿಲ್ಲ. ಅವನು ತಗಡನ್ನು ತಂದು ಪಕ್ಕದಲ್ಲಿಟ್ಟ. ಒಳಗಿನ ಸುತ್ತು, ಆ ದಾಳಿಂಬೆ ಸಿಪ್ಪೆಯ ಕೆಂಪು, ಫೋಟೋದ ಕೆಂಪಿನ ಪಕ್ಕ ಕೂತಿತು. ಫೋಟೋದ ಬಣ್ಣ ಕಾಲಕ್ಕೆ ಮಾಸುತ್ತದೆ ಮಾಮಾ, ಇನ್ನೂ ನಾಲ್ಕು ಬೇಕು ಅಂದ. ಆದರೆ ಕಣ್ಣು ಹೊಳೆಯುತ್ತಿತ್ತು.

ಆದ್ದರಿಂದ ಕೇಳುತ್ತಿರುವ ನಿಮ್ಮಲ್ಲಿ ಒಂದು ಬೇಡಿಕೆ. ಮುಂಬಯಿಯಲ್ಲಿ ತೆಗೆಸಿದ ಹಳೆಯ ಕಲರ್ ಫೋಟೋಗಳು ಮನೆಯಲ್ಲಿದ್ದರೆ, ಗೇಟ್‌ವೇ ಮುಂದಿನದು, ದಾದರಿನ ಮದುವೆ ಹಾಲಿನ ಹೊರಗಿನದು, ಮಗುವಿನ ಮೊದಲ ಶಾಲೆಯ ದಿನದ್ದು, ಯಾವುದಾದರೂ ಆಗಲಿ, ಇವತ್ತು ಸಂಜೆ ಹೊರತೆಗೆಯಿರಿ. ಮುಂದೆ ನಿಂತವರನ್ನು ಬಿಟ್ಟು, ಅವರ ಭುಜದ ಹಿಂದೆ ನೋಡಿ.

ನಮಸ್ಕಾರ.