ಬರೆದ ಕೃತಿ ಯಾರ ಕೈಲಿತ್ತು?

ಕೇಳುಗರೆಲ್ಲರಿಗೂ ನಮಸ್ಕಾರ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಮಾತು ಬಂದರೆ ಸಾಕು, ಅಲ್ಲಿನ ಮೂವರು ದೊಡ್ಡ ಸಂಗೀತ ರಚನೆಕಾರರ ಬಗ್ಗೆ ಒಂದು ಸಿದ್ಧ ಕಥೆ ಹೊರಡುತ್ತದೆ: ಹೈಡನ್ ಅರಮನೆಯ ಊಳಿಗದವರು, ಮೊಟ್ಸಾರ್ಟ್ ಬಂಡಾಯಗಾರ, ಬೀಥೋವನ್ ಸ್ವತಂತ್ರರು. ದಯವಿಟ್ಟು ಈ ಕಥೆಯನ್ನು ಇವತ್ತಿಗೆ ಪಕ್ಕಕ್ಕಿಡೋಣ. ನಾನು ಕೇಳಿಕೊಳ್ಳುವುದು ಇಷ್ಟೇ: ಬರೆದ ಕೃತಿ ಯಾರ ಕೈಲಿತ್ತು, ಅದನ್ನು ನೋಡಿ.

1761ರ ಮೇ 1ರಂದು ಹೈಡನ್ ಹಂಗೇರಿಯ ಶ್ರೀಮಂತ ಎಸ್ಟರ್‌ಹಾಜಿ ಮನೆತನದ ಕರಾರಿಗೆ ಸಹಿ ಹಾಕಿದರು. ಆಗವರಿಗೆ 29 ವರ್ಷ, ಸಂಬಳ ವರ್ಷಕ್ಕೆ 400 ಗುಲ್ಡನ್, ಅಂದರೆ ಆಗಿನ ಆಸ್ಟ್ರಿಯಾದ ನಾಣ್ಯ. ಅತಿಥಿಗಳ ಮುಂದೆ ನುಡಿಸುವಾಗ ಸಮವಸ್ತ್ರ, ಬಿಳಿ ಕಾಲುಚೀಲ, ಪೌಡರ್ ಹಚ್ಚಿದ ತಲೆ. ಊಟಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಹೊರಕೋಣೆಯಲ್ಲಿ ಹಾಜರಾಗಿ, ಇವತ್ತು ಸಂಗೀತ ಬೇಕೋ ಬೇಡವೋ ಎಂದು ಅಪ್ಪಣೆ ಕೇಳಬೇಕು. ವಾದ್ಯಗಳ ಉಸ್ತುವಾರಿ, ವಾದಕರ ಜಗಳ ಬಿಡಿಸುವುದು, ಗಾಯಕಿಯರಿಗೆ ಪಾಠ, ಎಲ್ಲವೂ ಅವರ ತಲೆಗೇ. ಜನ ಇಲ್ಲಿಗೇ ಅಯ್ಯೋ ಪಾಪ ಎಂದುಬಿಡುತ್ತಾರೆ. ಇವೆಲ್ಲ ಆ ಕಾಲದ ನೌಕರಿಯ ಮಾಮೂಲಿ ಷರತ್ತುಗಳು. ನಿಜವಾದ ಬೇಡಿ ನಾಲ್ಕನೆಯ ಷರತ್ತಿನಲ್ಲಿತ್ತು. ದೊರೆ ಕೇಳಿದ್ದನ್ನು ಬರೆಯಬೇಕು. ಬರೆದದ್ದನ್ನು ಹೊರಗಿನವರಿಗೆ ಕೊಡಕೂಡದು, ನಕಲು ಮಾಡಲು ಬಿಡಕೂಡದು. ಅಪ್ಪಣೆಯಿಲ್ಲದೆ ಬೇರೆ ಯಾರಿಗೂ ಬರೆಯಕೂಡದು.

ಇದರ ಫಲ ನೋಡಿ. ಮುಂದೆ ಪಟ್ಟಕ್ಕೆ ಬಂದ ನಿಕೊಲಾಸ್ ದೊರೆಗೆ ಬ್ಯಾರಿಟನ್ ಎಂಬ ವಾದ್ಯದ ಹುಚ್ಚು. ಮುಂದಿನ ತಂತಿಗಳಿಗೆ ಕಮಾನು, ಹಿಂಭಾಗದ ತಂತಿಗಳನ್ನು ಎಡಗೈ ಹೆಬ್ಬೆರಳಿನಿಂದ ಮೀಟಬೇಕು. ಅವರಿಗೆಂದೇ ಹೈಡನ್ 120ಕ್ಕೂ ಹೆಚ್ಚು ತ್ರಯಗಳನ್ನು, ಅಂದರೆ ಮೂರು ವಾದ್ಯಗಳ ಕೃತಿಗಳನ್ನು, ಬರೆದರು. ಹೊರಗೆ ಆ ವಾದ್ಯ ನುಡಿಸುವವರೇ ವಿರಳ! ಅತ್ತ ಪ್ಯಾರಿಸ್ಸಿನ ಪ್ರಕಾಶಕರು ಹೈಡನ್ ಹೆಸರಿನಲ್ಲಿ ಕಳ್ಳಮುದ್ರಣ ಮಾರುತ್ತಿದ್ದರು, ಕೆಲವಂತೂ ಅವರು ಬರೆದವೇ ಅಲ್ಲ. ಇವರಿಗೆ ಬಿಡಿಗಾಸಿಲ್ಲ.

1779ರ ಜನವರಿ 1ರಂದು ಹೊಸ ಕರಾರು ಆಯಿತು. ಅದರಲ್ಲಿ ಆ ಷರತ್ತು ಇರಲಿಲ್ಲ. ಅರಮನೆ ಅದೇ, ದೊರೆ ಅದೇ. ಮರುವರ್ಷವೇ ವಿಯೆನ್ನಾದ ಆರ್ಟಾರಿಯಾ ಎಂಬ ಪ್ರಕಾಶನ ಸಂಸ್ಥೆ ಹೈಡನ್ನರ ಆರು ಸೊನಾಟಾಗಳನ್ನು, ಅಂದರೆ ಒಂದೆರಡು ವಾದ್ಯಗಳ ಕೃತಿಗಳನ್ನು, ಅಚ್ಚು ಮಾಡಿತು. ಪ್ಯಾರಿಸ್ಸಿಗೆ ಬರೆದ ಆರು ಸಿಂಫನಿಗಳಿಗೆ, ಅಂದರೆ ಇಡೀ ವಾದ್ಯವೃಂದದ ಕೃತಿಗಳಿಗೆ, ತಲಾ 25 ಚಿನ್ನದ ಲೂಯಿ ನಾಣ್ಯ, ಅಚ್ಚಿನ ಹಕ್ಕಿಗೆ ಮತ್ತೆ 5. 1790ರಲ್ಲಿ ನಿಕೊಲಾಸ್ ತೀರಿಕೊಂಡು, ಹೈಡನ್ ಲಂಡನ್ನಿಗೆ ಹೊರಟಾಗ ಅಲ್ಲಿನವರು ಅವರ ಸಂಗೀತವನ್ನು ಆಗಲೇ ಬಲ್ಲವರಾಗಿದ್ದರು. ಕೃತಿ ಕೈಗೆ ಬಂದದ್ದು 1779ರಲ್ಲಿ, ಇದನ್ನು ಮರೆಯಬೇಡಿ.

ಸಮಯ ಓಡುತ್ತಿದೆ, ಉಳಿದವರನ್ನು ಬೇಗ ಮುಗಿಸುತ್ತೇನೆ. ಮೊಟ್ಸಾರ್ಟ್ 1781ರಲ್ಲಿ ಸಾಲ್ಸ್‌ಬರ್ಗ್ ಊರಿನ ಆರ್ಚ್‌ಬಿಷಪ್ಪರ, ಅಂದರೆ ಅಲ್ಲಿನ ಹಿರಿಯ ಧರ್ಮಾಧಿಕಾರಿಯ, ನೌಕರಿ ಬಿಟ್ಟರು. 1784ರಲ್ಲಿ ಮೂರು ಕಛೇರಿಗಳಿಗೂ ಸೇರಿ ತಲಾ 6 ಗುಲ್ಡನ್ ಚಂದಾ ಕಟ್ಟಿದವರು 174 ಮಂದಿ, ಅಂದರೆ ಖರ್ಚಿಗೆ ಮುಂಚೆ 1,044 ಗುಲ್ಡನ್. ಆದರೆ ಕದ್ದಾರೆಂಬ ಭಯಕ್ಕೆ ಕನ್ಸರ್ಟೋಗಳ, ಅಂದರೆ ಒಂಟಿ ವಾದ್ಯಕ್ಕೆ ವಾದ್ಯವೃಂದ ಜೊತೆಗೂಡುವ ಕೃತಿಗಳ, ಹಸ್ತಪ್ರತಿಯನ್ನು ಬಚ್ಚಿಟ್ಟರು. ದುಡಿಮೆಯೆಲ್ಲ ಕಛೇರಿಯ ಮೇಲೆ ನಿಂತಿತು. 1788ರಲ್ಲಿ ತುರ್ಕರೊಡನೆ ಯುದ್ಧ ಶುರುವಾಯಿತು, ಶ್ರೀಮಂತರು ಚದುರಿದರು. ಮರುವರ್ಷ ಚಂದಾ ಪಟ್ಟಿಯಲ್ಲಿ ಉಳಿದದ್ದು ಒಂದೇ ಹೆಸರು.

ಬೀಥೋವನ್ನರಿಗೆ 1809ರಲ್ಲಿ ಮೂವರು ಶ್ರೀಮಂತರು ಸೇರಿ ವರ್ಷಕ್ಕೆ 4,000 ಫ್ಲೋರಿನ್ (ಗುಲ್ಡನ್ನಿನ ಇನ್ನೊಂದು ಹೆಸರು) ಗೊತ್ತುಮಾಡಿದರು. ಕೇಳಿದ್ದು ನಾಡು ಬಿಟ್ಟು ಹೋಗಬೇಡಿ ಎಂದಷ್ಟೇ, ಕೃತಿಯನ್ನಲ್ಲ. 1811ರಲ್ಲಿ ಸರ್ಕಾರ ನೋಟಿನ ಬೆಲೆಯನ್ನು ಐದರಲ್ಲಿ ಒಂದಕ್ಕೆ ಇಳಿಸಿತು. 1812ರಲ್ಲಿ ದಾನಿಗಳಲ್ಲೊಬ್ಬರಾದ ಕಿನ್ಸ್ಕಿ ಕುದುರೆಯಿಂದ ಬಿದ್ದು ಸತ್ತರು. ಬೀಥೋವನ್ ಆಗಲೂ ಬದುಕಿದರು, ಪ್ರಕಾಶಕರಿಗೆ ಮಾರಲು ಕೃತಿಗಳು ಕೈಲಿದ್ದವು.

ನಮ್ಮ ಜಯಚಾಮರಾಜ ಒಡೆಯರನ್ನೂ ಇಲ್ಲಿ ನೆನೆಯಲೇಬೇಕು. ಲಂಡನ್ನಿನಲ್ಲಿದ್ದ ರಷ್ಯನ್ ಸಂಗೀತಗಾರ ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ಧ್ವನಿಮುದ್ರಿಸಲು ಒಡೆಯರು ಮೈಸೂರಿನಿಂದ ಹಣ ಕೊಟ್ಟರು. ಇಲ್ಲಿ ಕೃತಿ ದೊರೆಯ ಕೈಲೇ ಉಳಿಯಲಿಲ್ಲ; ಅವು ಗ್ರಾಮಫೋನ್ ತಟ್ಟೆಗಳಾಗಿ ಹೊರಬಂದವು, ಬೇಕಾದವರು ಕೊಂಡು ಕೇಳಿದರು.

ನಮಸ್ಕಾರ.